ಆಷಾಢದ ರಿಯಾಯಿತಿ ಮತ್ತು ಅಮ್ಮನ ಅಡಿಕೆ ತೋಟ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷದಿಂದ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕೆರೆ, ಕೊಳವೆಬಾವಿಗಳ ನೀರಿನ ಮಟ್ಟ ಅಳೆಯುವ ಕೆಲಸದಲ್ಲಿದ್ದೇನೆ. ಅಂತರ್ಜಲದಲ್ಲಿಯೇ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಆಸೆ. ಈಗ ಮೂರು ಕಡೆಯಿಂದ ಪತ್ರ ಬಂದಿವೆ. ಇಂಗ್ಲೆಂಡಿನದು ಒಂದು ವರ್ಷದ ಕೋರ್ಸ್. ಶುಲ್ಕ 29,500 ಪೌಂಡ್, ಅದರಲ್ಲಿ 7,500 ಪೌಂಡ್ ‘ಪ್ರತಿಭಾ ವಿದ್ಯಾರ್ಥಿವೇತನ’. ನಾಲ್ಕು ವಾರದೊಳಗೆ 4,000 ಪೌಂಡ್ ಮುಂಗಡ ಕಟ್ಟಬೇಕು. ಎರಡನೆಯದು ಎರಾಸ್ಮಸ್ ಮುಂಡುಸ್, ಯುರೋಪಿಯನ್ ಒಕ್ಕೂಟದ ವಿದ್ಯಾರ್ಥಿವೇತನವಿರುವ ಜಂಟಿ ಕೋರ್ಸ್. ಎರಡು ವರ್ಷ, ಪೋರ್ಚುಗಲ್‌ನ ಲಿಸ್ಬನ್, ನೆದರ್ಲೆಂಡ್ಸ್‌ನ ಡೆಲ್ಫ್ಟ್, ಜರ್ಮನಿಯ ಡ್ರೆಸ್ಡೆನ್ ಮೂರು ಊರುಗಳಲ್ಲಿ ಓದು, ಶುಲ್ಕವಿಲ್ಲ, ತಿಂಗಳಿಗೆ 1,400 ಯುರೋ ಕೊಡುತ್ತಾರೆ. ಹತ್ತು ದಿನದಲ್ಲಿ ಒಪ್ಪಿಗೆ ತಿಳಿಸಬೇಕು. ಮೂರನೆಯದು ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನನ್ನ ಹೆಸರನ್ನು ಶಿಫಾರಸು ಮಾಡಿದ್ದಾರೆ, ಅಂತಿಮ ಪಟ್ಟಿ ಜೂನ್‌ನಲ್ಲಿ. ಮೊದಲ ಆರು ತಿಂಗಳು ಸಂಶೋಧನಾ ವಿದ್ಯಾರ್ಥಿನಿ, ಆಮೇಲೆ ಪ್ರವೇಶ ಪರೀಕ್ಷೆ, ಪಾಸಾದರೆ ಎರಡು ವರ್ಷದ ಪದವಿ. ಅಪ್ಪ ಇಂಗ್ಲೆಂಡ್ ಎನ್ನುತ್ತಾರೆ, ಒಂದೇ ವರ್ಷದಲ್ಲಿ ಮುಗಿಯುತ್ತದೆ ಎಂದು. ದಾವಣಗೆರೆಯ ಸಲಹಾ ಕೇಂದ್ರದವರೂ ಅದನ್ನೇ ಹೇಳುತ್ತಿದ್ದಾರೆ. ಸಾಲಕ್ಕೆ ಚನ್ನಗಿರಿಯಲ್ಲಿ ಅಮ್ಮನ ಹೆಸರಿನಲ್ಲಿರುವ ಒಂದೂವರೆ ಎಕರೆ ಅಡಿಕೆ ತೋಟವನ್ನು ಅಡವಿಡಲು ಸಿದ್ಧರಾಗಿದ್ದಾರೆ; ಬ್ಯಾಂಕಿನವರು ಶೇಕಡಾ ಹತ್ತೂವರೆ ಬಡ್ಡಿ ಹೇಳಿದ್ದಾರೆ. ಅಮ್ಮ ಮಾತ್ರ ಜಪಾನ್ ಬೇಡವೇ ಬೇಡ ಎನ್ನುತ್ತಾಳೆ, ಸಸ್ಯಾಹಾರಿಗಳು ಅಲ್ಲಿ ಬದುಕುವುದು ಹೇಗೆ ಎಂದು. ಯಾವ ದೇಶ ಒಳ್ಳೆಯದು?

ಉತ್ತರ: ನಿನ್ನ ಪತ್ರ ಬಂದ ಸಂಜೆಯೇ ಫೋನಿನಲ್ಲಿ ಮಾತನಾಡಿದೆವು; ಹತ್ತು ದಿನದ ಗಡುವು ಮುದ್ರಣಾಲಯಕ್ಕಾಗಿ ಕಾಯುವುದಿಲ್ಲ. ಆದರೂ ನಿನ್ನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಈ ತಿಂಗಳು ಇಂಥವೇ ಹನ್ನೊಂದು ಪತ್ರಗಳು ನನ್ನ ಮೇಜಿನ ಮೇಲಿವೆ, ಎಲ್ಲದರ ಕೊನೆಯ ಸಾಲೂ ‘ಯಾವ ದೇಶ ಒಳ್ಳೆಯದು?’ ಎಂಬುದೇ. ನನ್ನ ಮಗಳಿಗಿಂತ ಚಿಕ್ಕವಳಾದ್ದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ.

ದೇಶದ ಮಾತು ಆಮೇಲೆ, ಮೊದಲು ತೋಟದ ಮಾತು. ಮೂರು ಪತ್ರಗಳಲ್ಲಿ ನಿನ್ನ ಅಮ್ಮನ ತೋಟವನ್ನು ಕೇಳುತ್ತಿರುವುದು ಒಂದೇ ಒಂದು. ವಿಚಿತ್ರವೆಂದರೆ, ನಿಮ್ಮ ತಂದೆ ಊರಲ್ಲೆಲ್ಲ ‘ಮಗಳಿಗೆ ಸ್ಕಾಲರ್‌ಶಿಪ್ ಸಿಕ್ಕಿದೆ’ ಎಂದು ಹೇಳಿಕೊಂಡಿರುವುದೂ ಅದನ್ನೇ.

ಆಷಾಢ ಬಂತೆಂದರೆ ದಾವಣಗೆರೆಯ ಬಟ್ಟೆ ಅಂಗಡಿಗಳ ಮುಂದೆ ಕೆಂಪು ಅಕ್ಷರದ ಬ್ಯಾನರ್ ಏಳುತ್ತದಲ್ಲ, ಶೇಕಡಾ ಇಪ್ಪತ್ತೈದು ರಿಯಾಯಿತಿ ಎಂದು? ಆ ಸೀರೆ ಕೊಂಡು ಬಂದವರು ‘ಅಂಗಡಿಯವರು ನನಗೆ ಸೀರೆ ಉಡುಗೊರೆ ಕೊಟ್ಟರು’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ನಿನ್ನ ಇಂಗ್ಲೆಂಡಿನ ಪತ್ರದಲ್ಲಿರುವುದು ಆ ಬ್ಯಾನರ್. ಸಲಹಾ ಕೇಂದ್ರದವರ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಇಂಥ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕಮಿಷನ್ ಬರುವುದು ನೀನು ಸೇರುವ ವಿಶ್ವವಿದ್ಯಾಲಯದಿಂದ. ಎರಾಸ್ಮಸ್‌ಗೆ ಹೋದರೆ ಅವರಿಗೆ ಒಂದು ಪೈಸೆಯೂ ಇಲ್ಲ. ಅವರ ಸಲಹೆಯನ್ನು ಕೇಳುವಾಗ ಇದನ್ನು ನೆನಪಿನಲ್ಲಿಟ್ಟುಕೊಂಡು ಕೇಳು.

ಫೋನಿನಲ್ಲಿ ನಿನ್ನಿಂದ ಬರೆಸಿದ ಲೆಕ್ಕವನ್ನೇ ಇಲ್ಲಿ ಇಳಿಸುತ್ತೇನೆ. ರಿಯಾಯಿತಿ ಕಳೆದು ಶುಲ್ಕ 22,000 ಪೌಂಡ್. ಜೀವನವೆಚ್ಚಕ್ಕೆ ಲಂಡನ್ನಿನ ಹೊರಗಾದರೆ ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳ ಹಣವನ್ನು ವೀಸಾಕ್ಕೆ ಮೊದಲೇ ತೋರಿಸಬೇಕು: 10,539. ಅಲ್ಲಿನ ಆರೋಗ್ಯ ಸೇವೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಕಟ್ಟುತ್ತಾರೆ. ಕೋರ್ಸ್ ಒಂದು ವರ್ಷದ್ದಾದರೂ ವೀಸಾ ಅದಕ್ಕಿಂತ ನಾಲ್ಕು ತಿಂಗಳು ಉದ್ದವಾಗಿರುವುದರಿಂದ ಒಂದೂವರೆ ವರ್ಷದ್ದನ್ನು ವಸೂಲು ಮಾಡುತ್ತಾರೆ: 1,164. ಎಲ್ಲ ಕೂಡಿಸಿದರೆ 33,703 ಪೌಂಡ್. ಲೆಕ್ಕಕ್ಕೆ ಪೌಂಡಿಗೆ 115 ರೂಪಾಯಿ ಎಂದು ಕಡಿಮೆಯಲ್ಲೇ ಹಿಡಿದರೂ 38 ಲಕ್ಷ 75 ಸಾವಿರ. ವೀಸಾ ಶುಲ್ಕ, ಟಿಕೆಟ್, ಚಳಿಯ ಕೋಟು ಇನ್ನೂ ಬಂದಿಲ್ಲ. ಇದರಲ್ಲಿ 35 ಲಕ್ಷವನ್ನು ಹತ್ತೂವರೆ ಬಡ್ಡಿಗೆ ತಂದು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 47 ಸಾವಿರ ರೂಪಾಯಿ ದಾಟುತ್ತದೆ. ಓದುವಾಗ ಬೆಳೆಯುವ ಬಡ್ಡಿ ಬೇರೆ.

ಈ ಸಂಖ್ಯೆ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ನೀನು ‘ಅಲ್ಲೇ ಕೆಲಸ ಸಿಕ್ಕರೆ ತೀರಿಸಬಹುದಲ್ಲ ಮೇಡಂ’ ಎಂದೆ. ಸಿಗಬಹುದು. ಆದರೆ ಓದು ಮುಗಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷವನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಸಿದ್ದಾರೆ. ನೀನು ಮುಗಿಸುವುದು ಆ ದಿನಾಂಕದ ನಂತರ. ಸಾಲಕ್ಕೆ ಹತ್ತು ವರ್ಷ, ಕೆಲಸ ಹುಡುಕಲು ಒಂದೂವರೆ ವರ್ಷ: ಈ ಎರಡನ್ನೂ ಅಪ್ಪನ ಮುಂದೆ ಅಕ್ಕಪಕ್ಕ ಬರೆದಿಡು.

ಇಂಗ್ಲೆಂಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆ ದೇಶದ ವಿದ್ಯಾರ್ಥಿವೇತನಗಳಲ್ಲೇ ಶೆವನಿಂಗ್ ಇದೆ, ಕಾಮನ್‌ವೆಲ್ತ್ ಇದೆ. ಅವು ಶುಲ್ಕ, ಟಿಕೆಟ್, ಊಟ, ಬಾಡಿಗೆ ಎಲ್ಲವನ್ನೂ ಹೊರುತ್ತವೆ. ಶೆವನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಅದು ನಿನಗಿದೆ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಕರಾರೂ ಇದೆ. ಇಂಗ್ಲೆಂಡಿಗೇ ಹೋಗಬೇಕೆಂಬ ಹಟವಿದ್ದರೆ ಮುಂದಿನ ವರ್ಷ ಆ ಬಾಗಿಲು ತಟ್ಟು. ಈ ಪತ್ರವನ್ನು ಮಾತ್ರ ಮಡಿಸಿಡು.

ಈಗ ಉಳಿದವು ಎರಡು, ಎರಡೂ ನಿಜವಾದ ವಿದ್ಯಾರ್ಥಿವೇತನಗಳೇ. ಇಲ್ಲಿಂದ ಮುಂದಿನ ಪ್ರಶ್ನೆ ಕಷ್ಟದ್ದು. ಅದರಲ್ಲಿ ನಾನು ಪೂರ್ತಿ ತಟಸ್ಥಳೂ ಅಲ್ಲ.

1988ರ ಬೇಸಿಗೆಯಲ್ಲಿ ನಾನೂ ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಎರಡು ಪತ್ರ ಹಿಡಿದು ಕುಳಿತಿದ್ದೆ. ಅಮೆರಿಕದವರು ಬೋಧನಾ ಸಹಾಯಕಿಯಾಗಿ ದುಡಿದು ಓದು ಎಂದಿದ್ದರು. ಜಪಾನ್ ಸರ್ಕಾರದವರು ದುಡಿಯುವುದೇನೂ ಬೇಡ, ಟಿಕೆಟ್ ಸಮೇತ ನಾವೇ ಕೊಡುತ್ತೇವೆ ಎಂದಿದ್ದರು. ನಾನು ಮಾಡಿದ ವಿಚಾರವೆಲ್ಲ ಇಷ್ಟೇ: ಎರಡೂ ಮೊತ್ತಗಳನ್ನು ರೂಪಾಯಿಗೆ ತಿರುಗಿಸಿ, ದೊಡ್ಡದರ ಪಕ್ಕದಲ್ಲಿ ಗುರುತು ಹಾಕಿದೆ. ಅಕ್ಟೋಬರ್‌ನಲ್ಲಿ ಜಪಾನಿಗೆ ಹೋಗಿ, ಆರು ತಿಂಗಳು ಭಾಷೆ ಕಲಿತು, ಏಪ್ರಿಲ್‌ನಲ್ಲಿ ಪ್ರಯೋಗಾಲಯ ಸೇರಿದೆ. ನನ್ನ ವಿಷಯ ನೀರಾವರಿಯಿಂದ ಚೌಳಾದ ಮಣ್ಣು, ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಗಳದ್ದು. ಪ್ರಾಧ್ಯಾಪಕರು ದೇವರಂಥವರು. ಆದರೆ ಅವರ ವಯಸ್ಸನ್ನು ನಾನು ಕೇಳಿರಲಿಲ್ಲ. ಅಲ್ಲಿ ನಿಗದಿತ ವಯಸ್ಸು ಬಂದ ಶೈಕ್ಷಣಿಕ ವರ್ಷದ ಕೊನೆಯ ದಿನ, ಮಾರ್ಚ್ 31, ನಿವೃತ್ತಿ. 1990ರ ಮಾರ್ಚ್‌ನಲ್ಲಿ ಅವರ ಕೊನೆಯ ಉಪನ್ಯಾಸ ಕೇಳಿ, ಹೂಗುಚ್ಛ ಕೊಟ್ಟು, ತಲೆಬಾಗಿ ಬೀಳ್ಕೊಟ್ಟೆವು. ನಾನು ಸೇರಿ ಒಂದೇ ವರ್ಷವಾಗಿತ್ತು. ಅವರ ಜಾಗಕ್ಕೆ ಬಂದವರು ಕಾಡಿನ ಮಣ್ಣಿನ ಪಂಡಿತರು. ಚೌಳು ಎಂದರೆ ಅವರಿಗೆ ಸಮುದ್ರದಂಡೆಯ ಕಥೆ.

ನನ್ನ ವಿಷಯ ಅನಾಥವಾಯಿತು. ಓದು ಎಳೆಯಿತು, ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಪ್ರಬಂಧ ಮುಗಿಯಲಿಲ್ಲ. ಕೊನೆಯ ಒಂಬತ್ತು ತಿಂಗಳು ಬೆಳಗಿನ ಐದರಿಂದ ಎಂಟರವರೆಗೆ ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಅನ್ನ ತುಂಬಿದೆ. ಡಬ್ಬಿಗೆ 230 ಗ್ರಾಂ, ಒಂದು ಗ್ರಾಂ ಹೆಚ್ಚಲ್ಲ, ಕಡಿಮೆಯಲ್ಲ. ಮೊದಲು ತಕ್ಕಡಿ ಇಟ್ಟಿದ್ದರು. ಒಂದು ತಿಂಗಳಾದ ಮೇಲೆ ಕೈಗೇ ತೂಕ ಬಂದು ತಕ್ಕಡಿ ಬೇಡವಾಯಿತು. ಈಗಲೂ ಮನೆಯಲ್ಲಿ ಅನ್ನ ಬಡಿಸಿದರೆ ನನ್ನ ಮೊದಲ ಸೌಟು ಅಷ್ಟೇ ಬೀಳುತ್ತದೆ ಎಂದು ಯಜಮಾನರು ನಗುತ್ತಾರೆ.

ಇದನ್ನು ಹೇಳಿದ್ದು ಜಪಾನಿನ ಮೇಲೆ ದೂರು ಹೇಳಲಿಕ್ಕಲ್ಲ. ಪತ್ರದಲ್ಲಿ ಬರೆದಿರುವ ಮೊತ್ತ ಎಲ್ಲಿಯವರೆಗೆ ಬರುತ್ತದೆ, ಕೈ ಹಿಡಿದವರು ಎಲ್ಲಿಯವರೆಗೆ ಇರುತ್ತಾರೆ, ಎರಡೂ ಪದವಿ ಮುಗಿಯುವ ದಿನದವರೆಗೆ ಬರುತ್ತವೆಯೇ ಎಂದು ನೋಡದೆ ಸಹಿ ಹಾಕಿದವಳು ನಾನು. ನಿನ್ನ ಲೆಕ್ಕದಲ್ಲಿ ಅಕ್ಟೋಬರ್‌ಗೆ ಹೋದರೆ ಮಾರ್ಚ್‌ವರೆಗೆ ಸಂಶೋಧನಾ ವಿದ್ಯಾರ್ಥಿನಿ, ಅಲ್ಲಿಂದ ಎರಡು ವರ್ಷ ಪದವಿ. ಅಂದರೆ 2029ರ ಮಾರ್ಚ್. ಅದಕ್ಕೇ ‘ಆ ಪ್ರಾಧ್ಯಾಪಕರು ಅಲ್ಲಿಯವರೆಗೆ ಇರುತ್ತಾರೆಯೇ?’ ಎಂದು ಕೇಳಿದ್ದು. ನಿನಗೆ ಗೊತ್ತಿರಲಿಲ್ಲ. ವಯಸ್ಸು ಕೇಳುವುದು ಮುಜುಗರವಾದರೆ ‘2029ರವರೆಗೆ ಪ್ರಯೋಗಾಲಯ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆಯೇ?’ ಎಂದು ಬರೆ, ಅರ್ಥ ಮಾಡಿಕೊಳ್ಳುತ್ತಾರೆ.

ಕುಮಾಮೊಟೊ ಎಂಬ ಹೆಸರು ನೋಡಿದಾಗ ನನ್ನ ಮನಸ್ಸು ಕುಣಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಏಳು ಲಕ್ಷಕ್ಕೂ ಹೆಚ್ಚು ಜನರ ಆ ನಗರ ನಲ್ಲಿಯ ನೀರಿಗೆ ಪೂರ್ತಿಯಾಗಿ ಅಂತರ್ಜಲವನ್ನೇ ನಂಬಿದೆ. ಆಸೊ ಜ್ವಾಲಾಮುಖಿಯ ಬೂದಿ ಕೂತ ನೆಲ. ಅಲ್ಲಿನ ಗದ್ದೆಗಳಲ್ಲಿ ನೀರು ನಿಲ್ಲಿಸಿದರೆ ಎಷ್ಟು ಬೇಗ ಇಂಗುತ್ತದೆಂದರೆ ಜನ ಅವುಗಳನ್ನು ‘ಜರಡಿ ಗದ್ದೆ’ ಎಂದೇ ಕರೆಯುತ್ತಾರೆ. ಭತ್ತದ ಬೆಳೆ ಕಡಿಮೆಯಾಗಿ ಅಂತರ್ಜಲ ಇಳಿಯತೊಡಗಿದಾಗ, 2004ರಿಂದ ಬಿಡುವಿನ ಗದ್ದೆಗಳಿಗೆ ನೀರು ಬಿಟ್ಟುಕೊಳ್ಳುವ ರೈತರಿಗೆ ನಗರಸಭೆ ಹಣ ಕೊಡುತ್ತಿದೆ. ಕುಡಿಯುವವರು ಇಂಗಿಸುವವರಿಗೆ ದುಡ್ಡು ಕೊಡುವ ವ್ಯವಸ್ಥೆ! ನಿಮ್ಮ ಜಗಳೂರಿನ ಐವತ್ತೇಳು ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆ, ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಇವನ್ನೆಲ್ಲ ನೋಡಿದ ನಿನಗೆ ಅಲ್ಲಿ ಕೇಳಲು ನೂರು ಪ್ರಶ್ನೆಗಳು ಸಿಗುತ್ತವೆ. ಈಗ ಪಕ್ಕದ ಕಿಕುಯೊದಲ್ಲಿ ತೈವಾನಿನ ಟಿಎಸ್‌ಎಂಸಿಯ ಚಿಪ್ ಕಾರ್ಖಾನೆಯೂ ಬಂದಿದೆ, 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಚಿಪ್ ತೊಳೆಯಲು ಬೇಕಾಗುವ ನೀರೂ ಅದೇ ನೆಲದಡಿಯದು. ಅಂತರ್ಜಲ ಓದುವವರಿಗೆ ಇದಕ್ಕಿಂತ ಜೀವಂತ ಪಾಠಶಾಲೆ ಕಡಿಮೆ.

ಹಾಗಿದ್ದೂ ನಾನು ಫೋನಿನಲ್ಲಿ ಹೇಳಿದ್ದು ಎರಾಸ್ಮಸ್ ಒಪ್ಪಿಕೋ ಎಂದೇ. ಆ ಪತ್ರ ಕೈಯಲ್ಲಿದೆ, ಜಪಾನಿನದು ಜೂನ್‌ನ ಪಟ್ಟಿಯಲ್ಲಿದೆ. ಶಿಫಾರಸು ಎಂದರೆ ಆಯ್ಕೆಯಲ್ಲ. ಆಯ್ಕೆಯಾದರೂ ಆರು ತಿಂಗಳ ನಂತರ ಪ್ರವೇಶ ಪರೀಕ್ಷೆಯ ಇನ್ನೊಂದು ಹೊಸ್ತಿಲು ಉಂಟು. ಜಪಾನಿನ ವೇತನ ಸ್ನಾತಕೋತ್ತರಕ್ಕೆ ತಿಂಗಳಿಗೆ 1,44,000 ಯೆನ್. ಅಂಕಿ ನೋಡಲು ದೊಡ್ಡದು, ಯೆನ್ ಇಳಿದಿರುವ ಈ ದಿನಗಳಲ್ಲಿ 83 ಸಾವಿರ ರೂಪಾಯಿಯ ಆಸುಪಾಸು. ಕುಮಾಮೊಟೊದಂಥ ಊರಿನಲ್ಲಿ ಅದು ಸಾಲುತ್ತದೆ, ಕೊರತೆಯಾಗದು. ಆದ್ದರಿಂದ ನನ್ನ ತೀರ್ಮಾನ ಹಣದ್ದಲ್ಲ. ನಿನಗೆ ಈಗ ಬೇಕಾಗಿರುವುದು ಒಂದು ಊರಿನ ಅಂತರ್ಜಲವನ್ನು ಆಳವಾಗಿ ತೋಡುವುದಕ್ಕಿಂತ ಮೊದಲು ವಿಷಯದ ಅಗಲ. ಡೆಲ್ಫ್ಟ್‌ನ ನೀರಿನ ಸಂಸ್ಥೆ 1957ರಿಂದ ನಮ್ಮಂಥ ದೇಶಗಳ ಎಂಜಿನಿಯರುಗಳನ್ನೇ ತಯಾರು ಮಾಡುತ್ತ ಬಂದಿದೆ. ಅಲ್ಲಿ ನಿನ್ನ ಪಕ್ಕದ ಕುರ್ಚಿಯಲ್ಲಿ ಇಥಿಯೋಪಿಯಾದವನೋ ಬಾಂಗ್ಲಾದೇಶದವಳೋ ಕುಳಿತಿರುತ್ತಾರೆ, ಅವರವರ ಊರಿನ ಬತ್ತಿದ ಬಾವಿಯ ಕಥೆ ಹೊತ್ತು. ಸಾವಿರ ಅಡಿ ಕೊರೆದರೂ ದೂಳು ಹಾರುವ ತಾಲ್ಲೂಕಿನಿಂದ ಬಂದವಳು, ನೆಲದಿಂದ ನೀರನ್ನು ಹೊರಗೆ ಹಾಕುವುದಕ್ಕೇ ಪಂಪು ತಿರುಗಿಸುವ ದೇಶವನ್ನು ಒಮ್ಮೆ ನೋಡಬೇಕು. ಕುಮಾಮೊಟೊ ಎಲ್ಲಿಗೂ ಓಡಿಹೋಗುವುದಿಲ್ಲ, ಪಿಎಚ್.ಡಿ.ಗೆ ಹೋಗಬಹುದು. ಆಗ ಪ್ರಾಧ್ಯಾಪಕರನ್ನು ನೀನೇ ಆರಿಸಿಕೊಂಡು ಹೋಗುತ್ತೀಯ.

1,400 ಯುರೋ ಎಂದರೆ, ಯುರೋಗೆ ನೂರು ರೂಪಾಯಿ ಹಿಡಿದರೂ, ಇಪ್ಪತ್ತನಾಲ್ಕು ತಿಂಗಳಿಗೆ 33 ಲಕ್ಷ 60 ಸಾವಿರ. ಅಂದರೆ ಒಂದು ಪತ್ರ 38 ಲಕ್ಷ ಕೇಳುತ್ತಿದೆ, ಇನ್ನೊಂದು 33 ಲಕ್ಷ ಕೊಡುತ್ತಿದೆ. ನಿಮ್ಮ ಮನೆಯಲ್ಲಿ ಜಗಳವಾಗಿರುವುದು ಇವೆರಡರ ಮಧ್ಯೆ! ಆದರೆ ಆ 1,400 ರಲ್ಲಿಯೇ ವಿಮಾನ, ವೀಸಾ, ಊರಿಂದೂರಿಗೆ ಗಂಟುಮೂಟೆ ಎಲ್ಲವೂ ಸೇರಿದೆ, ಬೇರೆ ಪ್ರಯಾಣ ಭತ್ಯೆ ಇಲ್ಲ. ಮೊದಲ ತಿಂಗಳ ಹಣ ಅಲ್ಲಿ ಹೋಗಿ ಬ್ಯಾಂಕ್ ಖಾತೆ ತೆರೆದ ಮೇಲೆ ಬರುವುದೇ ಹೆಚ್ಚು. ಕೋಣೆಗೆ ಮುಂಗಡ, ಮೊದಲ ಬಾಡಿಗೆ, ಟಿಕೆಟ್ ಎಂದು ಎರಡೂವರೆ ಮೂರು ಲಕ್ಷ ಕೈಯಲ್ಲಿರಲಿ. ಅಷ್ಟನ್ನು ನಿನ್ನ ಸಂಬಳದ ಉಳಿತಾಯವೇ ತೂಗಿಸುತ್ತದೆ ಎಂದೆ, ತೋಟದ ಮಾತು ಅಲ್ಲಿಗೆ ಮುಗಿಯಿತು. ಲಿಸ್ಬನ್ ಮತ್ತು ಡೆಲ್ಫ್ಟ್‌ನಲ್ಲಿ ಕೋಣೆ ಸಿಗುವುದು ತಲೆನೋವು; ಒಪ್ಪಿಗೆ ಕಳುಹಿಸಿದ ಮರುದಿನವೇ ಹುಡುಕಲು ಶುರು ಮಾಡು, ಹಿಂದಿನ ತಂಡದವರ ಕೋಣೆ ಖಾಲಿಯಾಗುವುದನ್ನು ಹಿಡಿ. ಡ್ರೆಸ್ಡೆನ್ ಸುಲಭ. ಆರಾರು ತಿಂಗಳಿಗೊಮ್ಮೆ ಊರು ಬದಲಿಸುವಾಗ ವೀಸಾದ ಗೋಜಲು ಉಂಟಾಗುತ್ತದೆ. ಯುರೋಪಿಯನ್ ಒಕ್ಕೂಟದ 2016ರ ನಿಯಮವೊಂದರಂತೆ, ಇಂಥ ಜಂಟಿ ಕೋರ್ಸುಗಳ ವಿದ್ಯಾರ್ಥಿಗಳು ಮೊದಲ ದೇಶದ ವಾಸದ ಪರವಾನಗಿ ಇಟ್ಟುಕೊಂಡೇ ಇನ್ನೊಂದು ಸದಸ್ಯ ದೇಶದಲ್ಲಿ 360 ದಿನದವರೆಗೆ ಓದಬಹುದು. ಆದರೆ ಆ ಪರವಾನಗಿಯ ಕಾರ್ಡು ಸಕಾಲಕ್ಕೆ ಕೈಗೆ ಬಂದಿರಬೇಕು. ಪೋರ್ಚುಗಲ್‌ನ ಕಚೇರಿಗಳು ನಿಧಾನಕ್ಕೆ ಹೆಸರಾದವು, ನಮ್ಮ ತಾಲ್ಲೂಕು ಕಚೇರಿ ನೆನಪಾದರೆ ಆಶ್ಚರ್ಯಪಡಬೇಡ. ಅಲ್ಲಿಗೆ ಹೋದ ಮೊದಲ ವಾರವೇ ಸರದಿಯಲ್ಲಿ ನಿಲ್ಲು.

‘ಎರಡಕ್ಕೂ ಹೌದು ಎಂದು ಹೇಳಿ ಜೂನ್‌ವರೆಗೆ ಕಾದರೆ?’ ಎಂದು ನೀನು ಮೆಲ್ಲಗೆ ಕೇಳಿದೆ. ಹಲವರು ಹಾಗೆ ಮಾಡುತ್ತಾರೆ, ಯಾರೂ ಜೈಲಿಗೆ ಹಾಕುವುದಿಲ್ಲ. ಆದರೆ ಎರಾಸ್ಮಸ್‌ನಲ್ಲಿ ಕಾಯುವವರ ಪಟ್ಟಿ ಎಂಬುದೊಂದಿದೆ. ಸೀಟು ಸಿಕ್ಕಿ ಹಣ ಸಿಗದೆ ಇನ್‌ಬಾಕ್ಸ್ ನೋಡುತ್ತ ಕುಳಿತ ಒಬ್ಬಳು ಎಲ್ಲೋ ಇದ್ದಾಳೆ. ನೀನು ಜೂನ್ ಕೊನೆಯಲ್ಲಿ ಕೈಬಿಟ್ಟರೆ ಅವಳಿಗೆ ವೀಸಾ ಮಾಡಿಸಿಕೊಳ್ಳಲು ದಿನವೇ ಉಳಿಯುವುದಿಲ್ಲ. ಕುಮಾಮೊಟೊದವರಿಗೂ ಈಗಲೇ ಬರೆದರೆ ನಿನ್ನ ಜಾಗಕ್ಕೆ ಇನ್ನೊಂದು ಹೆಸರನ್ನು ಯೋಚಿಸಬಹುದು. ಅವರಿಗೆ ಬರೆಯುವ ಪತ್ರ ಮಾತ್ರ ಒಂದು ಸಾಲಿನದಾಗಿರಬಾರದು. ಜರಡಿ ಗದ್ದೆಗಳ ಬಗ್ಗೆ ಏನು ಓದಿದ್ದೀಯ, ಮುಂದೆ ಏಕೆ ಬರಬೇಕೆಂದಿದ್ದೀಯ, ಬರೆ. ಜಪಾನಿನವರು ಪತ್ರಗಳನ್ನು ಎಸೆಯುವುದಿಲ್ಲ. ನನ್ನ ಪ್ರಾಧ್ಯಾಪಕರು ನಿವೃತ್ತರಾಗಿ ಹದಿನೈದು ವರ್ಷವಾದ ಮೇಲೂ ಪ್ರತಿ ಹೊಸ ವರ್ಷಕ್ಕೆ ಕಾರ್ಡು ಕಳುಹಿಸುತ್ತಿದ್ದರು.

ಕೊನೆಗೆ ಅಮ್ಮ ಫೋನು ಕಿತ್ತುಕೊಂಡು ಕೇಳಿದ ಪ್ರಶ್ನೆ. ತಾಯಿ, ನಿಮ್ಮ ಭಯ ಸುಳ್ಳಲ್ಲ. ಜಪಾನಿನಲ್ಲಿ ಮೊದಲ ಎರಡು ವಾರ ನಾನು ದಿನಾ ಒಂದು ಅಂಗಡಿಯಲ್ಲಿ ದಪ್ಪ ಶಾವಿಗೆಯ ತಿಳಿಸಾರು ಕುಡಿದೆ. ಮೇಲೆ ಈರುಳ್ಳಿ ಸೊಪ್ಪು, ಒಂದು ಚೂರು ಮಾಂಸ ಇಲ್ಲ, ಇದಕ್ಕಿಂತ ಶುದ್ಧ ಸಸ್ಯಾಹಾರ ಉಂಟೇ ಎಂದುಕೊಂಡಿದ್ದೆ. ಭಾಷೆಯ ತರಗತಿಯಲ್ಲಿ ‘ದಾಶಿ’ ಎಂಬ ಪದ ಬಂದ ದಿನ ಗೊತ್ತಾಯಿತು: ಆ ಸಾರಿನ ಬುಡವೇ ಒಣಮೀನು. ಅಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ, ಆದರೆ ಎಲ್ಲದರಲ್ಲೂ ಇರುತ್ತದೆ. ಮಗಳು ಹೋಗುವ ಡೆಲ್ಫ್ಟ್‌ನಿಂದ ಟ್ರಾಮ್ ಹತ್ತಿದರೆ ಹೇಗ್ ನಗರ. ಅಲ್ಲಿ ಸುರಿನಾಮ್‌ನಿಂದ ಬಂದ ಭಾರತ ಮೂಲದವರು ಸಾವಿರಾರು ಜನ ಇದ್ದಾರೆ. ಅವರ ಅಂಗಡಿಗಳಲ್ಲಿ ರೊಟ್ಟಿ, ಹಾಗಲಕಾಯಿ, ಬೆಂಡೆಕಾಯಿ ಸಿಗುತ್ತವೆ. ಉಪವಾಸ ಬೀಳುವುದಿಲ್ಲ.

ಒಪ್ಪಿಗೆ ಕಳುಹಿಸಿದೆ ಎಂದು ನೀನು ಎಂಟನೆಯ ದಿನ ಸಂದೇಶ ಕಳುಹಿಸಿದೆ. ಅಪ್ಪ ಮೂರು ದಿನ ಮಾತನಾಡಲಿಲ್ಲವಂತೆ. ನಾಲ್ಕನೆಯ ದಿನ ‘ಆ ಡ್ರೆಸ್ಡೆನ್ ಎಲ್ಲಿ ಬರುತ್ತದೆ ತೋರಿಸು’ ಎಂದು ಮೊಬೈಲ್ ತಂದುಕೊಟ್ಟರಂತೆ.

ಪ್ರಶ್ನೆ: ಮಗನಿಗೆ ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಪ್ರವೇಶ ಸಿಕ್ಕಿದೆ. ಎರಡರಲ್ಲೂ ಶುಲ್ಕ ಮನ್ನಾ. ಒಬ್ಬರು ವರ್ಷಕ್ಕೆ 27,000 ಡಾಲರ್, ಇನ್ನೊಬ್ಬರು 36,000 ಡಾಲರ್ ಎನ್ನುತ್ತಾರೆ. ಕಡಿಮೆ ಕೊಡುವವರು ಒಂದು ವಾರದಲ್ಲಿ ಉತ್ತರ ಹೇಳಿ ಎಂದು ಅವಸರಿಸುತ್ತಿದ್ದಾರೆ. ಮೂರನೆಯ ಕಡೆಯ ಉತ್ತರ ಇನ್ನೂ ಬರಬೇಕು. ಏನು ಮಾಡಲಿ? — ನಿವೃತ್ತ ಅಂಚೆ ನೌಕರರು, ಹುಬ್ಬಳ್ಳಿ

ಉತ್ತರ: ನಿಮಗೂ ಇ-ಮೇಲ್‌ನಲ್ಲಿ ಉತ್ತರಿಸಿದ್ದೇನೆ, ಉಳಿದವರಿಗಾಗಿ ಮತ್ತೆ. ಅಮೆರಿಕದ ಸ್ನಾತಕೋತ್ತರ ಶಾಲೆಗಳ ಮಂಡಳಿಯ (ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್) ‘ಏಪ್ರಿಲ್ 15ರ ನಿರ್ಣಯ’ ಎಂಬುದೊಂದಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯ ಸಹಿತ ಪ್ರವೇಶಕ್ಕೆ ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಕೊಡಲೇಬೇಕು ಎಂದು ವಿದ್ಯಾರ್ಥಿಯನ್ನು ಕಟ್ಟಿಹಾಕುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಮಂಡಳಿಯ ಜಾಲತಾಣದಲ್ಲಿಯೇ ಇದೆ. ಅವಸರಿಸುವವರ ಹೆಸರು ಅದರಲ್ಲಿದ್ದರೆ, ನಿರ್ಣಯವನ್ನು ನೆನಪಿಸಿ ಮಗ ವಿನಯದಿಂದ ಎರಡು ಸಾಲು ಬರೆಯಲಿ. ನೀವು ಬರೆಯಬೇಡಿ. ಅಪ್ಪಂದಿರು ಬರೆದ ಪತ್ರ ಅಲ್ಲಿ ನಗೆಗೆ ಕಾರಣವಾಗುತ್ತದೆ.

ಇನ್ನು 27 ಮತ್ತು 36. ಇದು ಒಂಬತ್ತು ತಿಂಗಳಿನದೋ ಹನ್ನೆರಡು ತಿಂಗಳಿನದೋ ಎಂದು ಕೇಳಿಸಿದಿರಾ? ಬೇಸಿಗೆಯ ಮೂರು ತಿಂಗಳು ಸಂಬಳವಿಲ್ಲದ ಕಡೆ ಹುಡುಗರು ಪಡುವ ಪಾಡು ನೋಡಿದ್ದೇನೆ. ಶುಲ್ಕ ಮನ್ನಾ ಎಂದ ಮೇಲೂ ಸೆಮಿಸ್ಟರಿಗೊಮ್ಮೆ ‘ಇತರ ಶುಲ್ಕ’ ಎಂದು ವಸೂಲು ಮಾಡುವವರಿದ್ದಾರೆ; ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ ಎಂಬುದು ಇನ್ನೊಂದು ದೊಡ್ಡ ಬಾಬತ್ತು. ಬಾಸ್ಟನ್ನಿನ 36 ಸಾವಿರಕ್ಕಿಂತ ಒಳನಾಡಿನ ಸಣ್ಣ ಊರಿನ 27 ಸಾವಿರದಲ್ಲಿ ನೆಮ್ಮದಿಯಾಗಿ ಬದುಕಿದವರನ್ನು ಬಲ್ಲೆ. ತೆರಿಗೆಯ ವಿಷಯದಲ್ಲಿ ಒಂದು ಸಣ್ಣ ಸಿಹಿ: ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ, ಬೇರೆ ದೇಶದ ಬಹುಪಾಲು ವಿದ್ಯಾರ್ಥಿಗಳಿಗೆ ಇಲ್ಲದ ‘ಸ್ಟ್ಯಾಂಡರ್ಡ್ ಡಿಡಕ್ಷನ್’ ಸಿಗುತ್ತದೆ. ಮೊದಲ ವರ್ಷ ಯಾರೂ ಹೇಳಿಕೊಡದೆ ಬಿಟ್ಟುಕೊಳ್ಳುವವರು ಬಹಳ.

ಪ್ರಶ್ನೆ: ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿದ್ದೇನೆ, ಪರಿಶಿಷ್ಟ ಜಾತಿಗೆ ಸೇರಿದವನು. ಅದನ್ನು ನಂಬಿ ಕೆಲಸ ಬಿಡಬಹುದೇ? — ವಿಜಯಪುರ

ಉತ್ತರ: ಅರ್ಜಿಯನ್ನು ಖಂಡಿತ ಹಾಕಿ, ರಾಜೀನಾಮೆಯನ್ನು ಹಾಕಬೇಡಿ. ವರ್ಷಕ್ಕೆ ಇರುವುದು 125 ಜಾಗ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ವಯಸ್ಸು 35ರೊಳಗೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೂ ಹಣದ ಪತ್ರ ಬರುವವರೆಗೆ ನಿಧಾನಿಸಿ. 2025ರ ಜುಲೈನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲು ಪತ್ರ ಕೊಟ್ಟಿದ್ದು 40 ಮಂದಿಗೆ ಮಾತ್ರ, ಉಳಿದವರು ತುದಿಗಾಲಲ್ಲಿ ನಿಲ್ಲಬೇಕಾಯಿತು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ವಿದೇಶ ವ್ಯಾಸಂಗದ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಿ. ಎರಡು ಕಡೆಯೂ ಬಾಗಿಲು ತಟ್ಟಿರಿ, ತೆರೆದ ಕಡೆ ಹೋಗಿ.

ಪ್ರಶ್ನೆ: ಮಗಳು ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಹೋಗುತ್ತಾಳೆ. ತುಪ್ಪ, ಕರಿಬೇವು, ಶೇಂಗಾ ಚಟ್ನಿಪುಡಿ ಮತ್ತು ನಮ್ಮ ಮನೆಯ ಕೊಬ್ಬರಿ ಕಟ್ಟಿಕೊಡಬಹುದೇ? — ಗೃಹಿಣಿ, ತಿಪಟೂರು

ಉತ್ತರ: ವಿದ್ಯಾರ್ಥಿವೇತನದ ಪ್ರಶ್ನೆಗಳಿಗಿಂತ ಇದಕ್ಕೆ ಉತ್ತರ ಹೇಳುವುದು ನನಗಿಷ್ಟ. ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ ಹೋಯಿತು, ಯಾರಾದರೂ ಧಾರವಾಡ ಪೇಡ ತಂದುಕೊಟ್ಟರೆ ಅದೂ ಹೋಯಿತು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಒಣಗಿಸಿ ಪುಡಿ ಮಾಡಿಕೊಡಿ. ಬಾಳೆಹಣ್ಣು, ತೆಂಗಿನಕಾಯಿಗೆ ಅವರ ಕಾನೂನಿನಲ್ಲಿ ಆ ಪ್ರಮಾಣಪತ್ರದ ವಿನಾಯಿತಿ ಉಂಟು. ಆದರೆ ನಿಮ್ಮ ಊರಿನ ಹೆಮ್ಮೆಯ ಒಣ ಕೊಬ್ಬರಿಯನ್ನು ತಡೆಯುವವರು ಜರ್ಮನಿಯವರಲ್ಲ, ನಮ್ಮ ವಿಮಾನ ನಿಲ್ದಾಣದವರೇ: ಎಣ್ಣೆ ಹೆಚ್ಚು, ಬೆಂಕಿ ಹಿಡಿಯುವ ವಸ್ತು ಎಂದು ಪೆಟ್ಟಿಗೆಯಿಂದ ತೆಗೆಸುತ್ತಾರೆ. ಚಟ್ನಿಪುಡಿಗೆ ಹಾಕುವ ಕೊಬ್ಬರಿಯನ್ನು ಮನೆಯಲ್ಲೇ ಹುರಿದು ಶೇಂಗಾದ ಜೊತೆ ಕುಟ್ಟಿಬಿಡಿ. ಎರಡು ಕಿಲೋ ಕಟ್ಟಿ. ಮೊದಲ ತಿಂಗಳಲ್ಲೇ ಅರ್ಧ ಪಾಲು ಪಕ್ಕದ ಕೋಣೆಯವರು ತಿಂದು ಮುಗಿಸುತ್ತಾರೆ.